ಅನಸೂಯೆಗೊಂದು ರೈಲು ಟಿಕೆಟು

ನಮ್ಮ ಪ್ರವಾಸ ಕಥನಗಳ ಬಗ್ಗೆ ನನಗೊಂದು ತಕರಾರಿದೆ. ಮೊದಲಿಗೇ ಹೇಳಿಬಿಡುತ್ತೇನೆ. ನಮ್ಮ ಲೇಖಕರು ಹೆಚ್ಚಾಗಿ ಎರಡೇ ಬಗೆಯ ಊರುಗಳಿಗೆ ಹೋಗುತ್ತಾರೆ. ಒಂದು, ದೇವರಿರುವ ಊರು; ಇನ್ನೊಂದು, ಪಾಸ್‌ಪೋರ್ಟು ಬೇಕಾಗುವ ಊರು. ಇವೆರಡೂ ಅಲ್ಲವಾದರೆ ಅಲ್ಲೊಂದು ಹಾಳುಬಿದ್ದ ಕೋಟೆಯೋ ಜಲಪಾತವೋ ಇರಲೇಬೇಕು. ನೆಂಟಸ್ತಿಕೆಯ ಹಂಗಿಲ್ಲದ ಒಬ್ಬ ಗೆಳತಿಯನ್ನು ನೋಡಬೇಕೆಂಬ ಒಂದೇ ಆಸೆಯಿಂದ ರೈಲು ಹತ್ತಿ ಹೋದ ಹೆಂಗಸಿನ ಕಥನ ನನ್ನ ಮೂವತ್ತು ವರ್ಷಗಳ ಓದಿನಲ್ಲಿ ಸಿಕ್ಕಿಲ್ಲ. ಶಾಲೆಯ ಗ್ರಂಥಾಲಯದ ಜವಾಬ್ದಾರಿ ನನ್ನದೇ ಆದ್ದರಿಂದ ಕಪಾಟಿನಲ್ಲಿರುವ ಪುಸ್ತಕಗಳನ್ನೆಲ್ಲ ಒಮ್ಮೆಯಾದರೂ ತಿರುವಿ ಹಾಕಿದವಳು ನಾನು. ಹಾಗಾಗಿ ಈ ಮಾತನ್ನು ಸುಮ್ಮನೆ ಆಡುತ್ತಿಲ್ಲ.

ಆ ಪುಸ್ತಕಗಳು ಸಣ್ಣವು ಎಂದು ನಾನು ಹೇಳುವುದಿಲ್ಲ. ವಿ.ಸೀ. ಅವರ 'ಪಂಪಾಯಾತ್ರೆ'ಯನ್ನು ಓದಿ ಹಂಪಿಗೆ ಹೋದವರು ಎಷ್ಟು ಮಂದಿಯೋ! ನಮ್ಮ ಪುತ್ತೂರಿನ ಬಾಲವನದಲ್ಲಿ ಬಾಳಿದ ಶಿವರಾಮ ಕಾರಂತರು 'ಅಪೂರ್ವ ಪಶ್ಚಿಮ'ದಲ್ಲಿ ಯುರೋಪನ್ನು ನಮ್ಮ ಜಗಲಿಗೇ ತಂದು ಕೂರಿಸಿದರು. ಗೋಕಾಕರು 'ಸಮುದ್ರದಾಚೆಯಿಂದ' ಬರೆದರು. ಎ.ಎನ್. ಮೂರ್ತಿರಾಯರು 'ಅಪರವಯಸ್ಕನ ಅಮೆರಿಕಾ ಯಾತ್ರೆ' ಬರೆದರು. ಗೊರೂರು ರಾಮಸ್ವಾಮಿ ಅಯ್ಯಂಗಾರರು ಅಮೆರಿಕಕ್ಕೆ ಹೋದದ್ದು ಮಕ್ಕಳ ಮನೆಗೆ. 'ಅಮೆರಿಕಾದಲ್ಲಿ ಗೊರೂರು' ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇನ್ನು ಹೆಂಗಸರ ಕಡೆಗೆ ಬಂದರೆ, ನೇಮಿಚಂದ್ರರ 'ಪೆರುವಿನ ಪವಿತ್ರ ಕಣಿವೆಯಲ್ಲಿ' ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಇಬ್ಬರು ಗೆಳತಿಯರು ಅಷ್ಟು ದೂರ ಹೋಗಿ ಬಂದದ್ದು ನಮ್ಮಂಥವರ ಪಾಲಿಗೆ ದೊಡ್ಡ ಧೈರ್ಯ. ಆದರೂ ಅದು ಗೆಳತಿಯ ಜೊತೆಗೆ ಹೋದ ಕಥೆ. ನಾನು ಕೇಳುತ್ತಿರುವುದು ಗೆಳತಿಯಲ್ಲಿಗೆ ಹೋದ ಕಥೆಯನ್ನು.

ಎರಡಕ್ಕೂ ಏನು ವ್ಯತ್ಯಾಸ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರವಾಗಿ ಕಾಳಿದಾಸನ ಶಾಕುಂತಲವನ್ನೇ ತೆಗೆದುಕೊಳ್ಳುತ್ತೇನೆ. ಏಳು ಅಂಕಗಳ ನಾಟಕ. ನಾಲ್ಕನೆಯ ಅಂಕದಲ್ಲಿ ಶಕುಂತಲೆ ಗಂಡನ ಮನೆಗೆ ಹೊರಡುತ್ತಾಳೆ. ಬಳ್ಳಿ, ಜಿಂಕೆ, ಸಾಕುತಂದೆ ಎಲ್ಲರೂ ಕಣ್ಣೀರು ಹಾಕುತ್ತಾರೆ. ಅನಸೂಯೆ, ಪ್ರಿಯಂವದೆಯರು ಜೊತೆಗೆ ಬರುತ್ತಾರೋ ಎಂದರೆ ಕಣ್ವರು ಬೇಡ ಎನ್ನುತ್ತಾರೆ. ಇವರನ್ನೂ ಮದುವೆ ಮಾಡಿ ಕೊಡಬೇಕು, ಇವರು ಅಲ್ಲಿಗೆ ಹೋಗುವುದು ಸರಿಯಲ್ಲ ಎಂಬುದು ಅವರ ಕಾರಣ. ಹಿರಿಯಳಾದ ಗೌತಮಿ ಹೋಗುತ್ತಾಳೆ, ಇಬ್ಬರು ಶಿಷ್ಯರು ಹೋಗುತ್ತಾರೆ. ಆಮೇಲೆ ಆ ಇಬ್ಬರು ಗೆಳತಿಯರು ಮತ್ತೆ ರಂಗಕ್ಕೆ ಬರುವುದೇ ಇಲ್ಲ. ಕೊನೆಯ ಅಂಕದಲ್ಲಿ ಗಂಡ, ಹೆಂಡತಿ, ಮಗು ಎಲ್ಲ ಒಂದಾಗುತ್ತಾರೆ; ಗೆಳತಿಯರು ಏನಾದರು ಎಂದು ಶಕುಂತಲೆಯೂ ಕೇಳುವುದಿಲ್ಲ.

ತರಗತಿಯಲ್ಲಿ ಈ ಕಥೆ ಹೇಳುವಾಗ ಒಂದು ಸಂಗತಿ ನನ್ನನ್ನು ಕಾಡಿದೆ. ದೂರ್ವಾಸರ ಶಾಪದ ವಿಷಯ ಗೊತ್ತಿದ್ದದ್ದು ಇಡೀ ಆಶ್ರಮದಲ್ಲಿ ಆ ಇಬ್ಬರಿಗೆ ಮಾತ್ರ. ಶಕುಂತಲೆಯ ಮನಸ್ಸು ಮೃದು ಎಂದು ಅವಳಿಗೂ ಹೇಳಲಿಲ್ಲ. ರಾಜ ಗುರುತು ಹಿಡಿಯದಿದ್ದರೆ ಉಂಗುರ ತೋರಿಸು ಎಂದಷ್ಟೇ ಹೇಳಿ ಕಳಿಸಿದರು. ಇಬ್ಬರಲ್ಲಿ ಒಬ್ಬಳು ಹಸ್ತಿನಾವತಿಗೆ ಜೊತೆಯಲ್ಲಿ ಹೋಗಿದ್ದರೆ, ಅಥವಾ ಒಂದು ತಿಂಗಳು ಕಳೆದು 'ಹೇಗಿದ್ದಾಳೋ ನೋಡಿ ಬರುತ್ತೇನೆ' ಎಂದು ಹೊರಟಿದ್ದರೆ, ಐದನೆಯ ಅಂಕದ ಅವಮಾನ ಅಲ್ಲಿಗೇ ಮುಗಿಯುತ್ತಿತ್ತು. ನಾಟಕ ಮುಂದುವರಿಯಬೇಕಾದರೆ ಗೆಳತಿ ಊರಿನಲ್ಲೇ ಉಳಿಯಬೇಕು. ಕಾಳಿದಾಸನಿಗೆ ಅದು ನಾಟಕದ ಅಗತ್ಯವಾಗಿತ್ತು, ಒಪ್ಪುತ್ತೇನೆ. ಆದರೆ ಅವನ ಬಳಿಕವೂ ನಮ್ಮ ಸಾಹಿತ್ಯ ಅನಸೂಯೆಯನ್ನು ಮನೆಯಿಂದ ಹೊರಡಿಸಲು ಮನಸ್ಸು ಮಾಡಲಿಲ್ಲವಲ್ಲ ಎಂಬುದೇ ನನ್ನ ತಕರಾರು. ಗೆಳತಿಯ ಕೈಯಲ್ಲಿ ಇರುವ ತಿಳಿವು ಗಂಡನಲ್ಲಿಯೂ ಇಲ್ಲ, ತಂದೆಯಲ್ಲಿಯೂ ಇಲ್ಲ. ಅದು ದಾರಿ ಸಿಗದೆ ಆಶ್ರಮದಲ್ಲೇ ಉಳಿದುಹೋಗುತ್ತದೆ.

ಸಾಹಿತ್ಯವನ್ನು ಬಿಟ್ಟು ನಮ್ಮ ಮನೆಗಳನ್ನೇ ನೋಡಿ. ಪುತ್ತೂರು, ಸುಳ್ಯ, ಕಡಬದ ಹೆಂಗಸರು ಪ್ರಯಾಣ ಮಾಡುವುದಿಲ್ಲವೇ? ಬೇಕಾದಷ್ಟು ಮಾಡುತ್ತೇವೆ. ಮಗಳ ಬಾಣಂತನಕ್ಕೆ ಬೆಂಗಳೂರಿಗೆ, ಮದುವೆಗೆ, ಉಪನಯನಕ್ಕೆ, ಹದಿನಾರಕ್ಕೆ, ಆಸ್ಪತ್ರೆಗೆ, ಕಾಶಿಗೆ. ಪ್ರತಿಯೊಂದಕ್ಕೂ ಒಂದು ಹೆಸರಿದೆ. 2022ರ ಡಿಸೆಂಬರಿನಲ್ಲಿ ನಾನು ನಾಲ್ಕು ದಿನದ ಸಿ.ಎಲ್. ಅರ್ಜಿ ಬರೆಯಲು ಕುಳಿತಾಗ 'ಕಾರಣ' ಎಂಬ ಜಾಗದಲ್ಲಿ ಪೆನ್ನು ನಿಂತಿತು. 'ಅನಾರೋಗ್ಯದ ನಿಮಿತ್ತ' ಎಂದರೆ ಯಾರೂ ಕೇಳುವುದಿಲ್ಲ. 'ಕೌಟುಂಬಿಕ ಕಾರ್ಯಕ್ರಮ' ಎಂದರೂ ನಡೆಯುತ್ತದೆ. 'ಗೆಳತಿಯನ್ನು ನೋಡುವ ಸಲುವಾಗಿ' ಎಂದು ಬರೆದೆ. ಓದಿದವರು ಒಮ್ಮೆ ನನ್ನ ಮುಖ ನೋಡಿ ಸಹಿ ಹಾಕಿದರು. ಮನೆಯಲ್ಲಿ ಅಡಿಕೆ ಕೊಯ್ಲಿನ ಸಮಯ. "ವಾರಕ್ಕೆರಡು ಸಲ ಫೋನಿನಲ್ಲಿ ಮಾತಾಡ್ತೀರಲ್ಲ, ಇನ್ನು ಹೋಗಿ ನೋಡುವುದು ಎಂಥದ್ದು?" ಎಂದು ಅತ್ತೆ ಕೇಳಿದರು. ಅವರ ಪ್ರಶ್ನೆಯಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವರ ಎಪ್ಪತ್ತೆಂಟು ವರ್ಷಗಳಲ್ಲಿ ಅಂಥ ಪ್ರಯಾಣ ಯಾರೂ ಮಾಡಿದ್ದಿಲ್ಲ, ಅಷ್ಟೆ.

ಗೆಳತಿಯ ಬಗ್ಗೆ ಎರಡು ಮಾತು. ನಮ್ಮ ಜಿಲ್ಲೆಯ ಸರಕಾರಿ ಶಾಲೆಗಳಲ್ಲಿ ಬಾಗಲಕೋಟೆ, ವಿಜಯಪುರ, ಗದಗ ಕಡೆಯ ಶಿಕ್ಷಕಿಯರು ಎಷ್ಟೋ ಮಂದಿ ಇದ್ದಾರೆಂದು ನಿಮಗೆ ಗೊತ್ತು. ಮಳೆ, ಜಿಗಣೆ, ಕುಚ್ಚಲಕ್ಕಿ ಅನ್ನ ಇವಕ್ಕೆಲ್ಲ ಹೊಂದಿಕೊಳ್ಳುವಷ್ಟರಲ್ಲಿ ಅವರಿಗೆ ಊರ ಕಡೆ ವರ್ಗಾವಣೆ ಆಗಿರುತ್ತದೆ. ಕಡಬದ ಕಡೆಯ ಒಂದು ಶಾಲೆಯಲ್ಲಿ ನಾವಿಬ್ಬರೂ ಹನ್ನೊಂದು ವರ್ಷ ಒಂದೇ ಮೇಜಿನ ಎರಡು ಬದಿಯಲ್ಲಿ ಕುಳಿತವರು. 2014ರಲ್ಲಿ ಅವಳು ಬಾದಾಮಿಯ ಕಡೆಗೆ ಹೋದಳು. ಇಲ್ಲಿ 'ಅವಳು' ಎಂದು ಬರೆಯುತ್ತಿದ್ದೇನೆ. ಎದುರಿಗೆ ಇಂದಿಗೂ ನಾವು 'ನೀವು' ಎಂದೇ ಮಾತಾಡುವುದು. ಅವಳಿಗೆ ನಾನು 'ಅಕ್ಕೋರು', ನನಗೆ ಅವಳು 'ಟೀಚರು'. ಎಂಟು ವರ್ಷ ಫೋನಿನಲ್ಲೇ ನಡೆಯಿತು. ಆ ವರ್ಷ ದಸರಾ ಕಳೆದ ಮೇಲೆ ಅವಳ ಮಾತು ಕಡಿಮೆಯಾಗತೊಡಗಿತು. "ಹೌದ್ರಿ", "ಆರಾಮ ಅದೀನ್ರಿ" ಎಂದು ಇಟ್ಟುಬಿಡುತ್ತಿದ್ದಳು. ಏನೋ ಇದೆ ಎಂದು ನನಗನ್ನಿಸಿತು. ಹೊರಡಲು ಅಷ್ಟು ಸಾಕಾಯಿತು.

ನಮ್ಮ ರೈಲಿನ ಚರಿತ್ರೆಯೂ ಸ್ವಲ್ಪ ಈ ಗೆಳೆತನದ ಹಾಗೆಯೇ, ನಡುವೆ ತುಂಡಾದದ್ದು. ಮಂಗಳೂರು-ಹಾಸನ ಮೀಟರ್ ಗೇಜ್ ಹಾದಿ 1979ರಲ್ಲಿ ಪೂರ್ತಿಯಾಯಿತು. ಬ್ರಾಡ್ ಗೇಜ್ ಮಾಡುವುದಕ್ಕೆಂದು 1996ರಲ್ಲಿ ಘಾಟಿಯಲ್ಲಿ ಸಂಚಾರ ನಿಲ್ಲಿಸಿದರು. ಪ್ರಯಾಣಿಕರ ರೈಲು ಮತ್ತೆ ಘಾಟಿ ಹತ್ತಿದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ ನಮಗೆ ಶಿರಾಡಿಯ ಬಸ್ಸೇ ಗತಿ. ವಾಂತಿ ಮಾಡಿಕೊಳ್ಳದೆ ಬೆಂಗಳೂರು ಮುಟ್ಟಿದವರು ಪುಣ್ಯವಂತರು. 2019ರ ನವೆಂಬರಿನಲ್ಲಿ ಮಂಗಳೂರು-ವಿಜಯಪುರ ರೈಲು ಆರಂಭವಾದಾಗ ಪುತ್ತೂರಿನಿಂದ ಬಾದಾಮಿಗೆ ಇಳಿದು ಹತ್ತದೆ ಹೋಗುವುದು ಸಾಧ್ಯವಾಯಿತು. ಸುಳ್ಯದವರಿಗೆ ಮಾತ್ರ ಪಾಪ, ಪೇಟೆಯಲ್ಲಿ ರೈಲೇ ಇಲ್ಲ. ಪುತ್ತೂರಿಗೋ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೋ ಬರಬೇಕು.

ಕಬಕ ಪುತ್ತೂರಿನಲ್ಲಿ ಹತ್ತಿ ಕಿಟಕಿಯ ಬಳಿ ಕುಳಿತೆ. ಚೀಲದಲ್ಲಿ ಹಲಸಿನ ಹಪ್ಪಳ, ಮಾವಿನಮಿಡಿ ಉಪ್ಪಿನಕಾಯಿ, ಪುನರ್ಪುಳಿ ಸಿಪ್ಪೆ, ಎರಡು ತೆಂಗಿನಕಾಯಿ. ಕಾಣಿಯೂರು, ಎಡಮಂಗಲ, ಕೋಡಿಂಬಾಳ ದಾಟುವಾಗ ಅಂಗಳಗಳಲ್ಲಿ ಅಡಿಕೆ ಹರಡಿದ್ದು ಕಾಣುತ್ತಿತ್ತು. ಸುಬ್ರಹ್ಮಣ್ಯ ರೋಡಿನಲ್ಲಿ ಹಿಂದಿನಿಂದ ಇಂಜಿನು ಜೋಡಿಸಿದರು. ಅಲ್ಲಿಂದ ಸಕಲೇಶಪುರದವರೆಗೆ ಐವತ್ತೈದು ಕಿಲೋಮೀಟರು, ಐವತ್ತೇಳು ಸುರಂಗ. ಐವತ್ತು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುವ ಏರು. ಎಡಕುಮೇರಿಯ ಆಸುಪಾಸಿನಲ್ಲಿ ಕತ್ತಲೆ ಕವಿಯುತ್ತಿತ್ತು. ಕಿಟಕಿಯಿಂದ ಚಳಿ ಬಂತು. ಶಾಲು ಹೊದ್ದುಕೊಂಡೆ. ಆಗ ಒಂದು ವಿಷಯ ಗಮನಕ್ಕೆ ಬಂತು. ಹತ್ತಿ ಮೂರು ಗಂಟೆಯಾಗಿತ್ತು, ಅಷ್ಟು ಹೊತ್ತು ಯಾರೂ ನನ್ನನ್ನು ಏನನ್ನೂ ಕೇಳಿರಲಿಲ್ಲ. ಟವೆಲು ಎಲ್ಲಿ, ಚಾ ಆಯಿತಾ, ಹಾಜರಿ ಪುಸ್ತಕ ಎಲ್ಲಿ, ಒಂದೂ ಇಲ್ಲ. ಹೆಂಗಸಿಗೆ ರೈಲಿನ ಬರ್ತು ಎಂದರೆ ಆರಡಿ ಉದ್ದದ ಸ್ವಂತ ಜಾಗ. ನಮ್ಮ ಪ್ರವಾಸ ಲೇಖಕರು ರೈಲನ್ನು ಸಾಮಾನ್ಯವಾಗಿ ಅರ್ಧ ಪುಟದಲ್ಲಿ ಮುಗಿಸುತ್ತಾರೆ. ಊರು ಮುಟ್ಟಿದ ಮೇಲೆಯೇ ಅವರಿಗೆ ಪ್ರವಾಸ ಆರಂಭ. ಮನೆಯಲ್ಲಿಯೂ ವಿಶ್ರಾಂತಿ ಸಿಗುವವರು ಬರೆದದ್ದರಿಂದ ಹೀಗಾಯಿತೇನೋ.

ಎದುರಿನ ಬರ್ತಿನಲ್ಲಿ ಮಗುವನ್ನು ಮಲಗಿಸಿಕೊಂಡು ಒಬ್ಬ ಹೆಂಗಸು ಕುಳಿತಿದ್ದಳು. ಮಂಗಳೂರಿನಲ್ಲಿ ಕಟ್ಟಡದ ಕೆಲಸ, ಎಳ್ಳ ಅಮಾಸಿಗೆ ಊರಿಗೆ ಹೊರಟವಳು. "ಅಲ್ಲಿ ನಿಮ್ಮವ್ರು ಯಾರ ಅದಾರ್ರೀ?" ಎಂದು ಕೇಳಿದಳು. ಗೆಳತಿ ಎಂದೆ. "ಮತ್ತ ಯಾರ?" ಮತ್ತೆ ಯಾರೂ ಇಲ್ಲ ಎಂದೆ. ಅವಳು ಸ್ವಲ್ಪ ಹೊತ್ತು ಮಗುವಿನ ತಲೆ ಸವರುತ್ತಿದ್ದಳು. "ಚಲೋ ಆತ್ರಿ. ನನ್ನ ಜೋಡಿ ಸಾಲಿಗೆ ಬರ್ತಿದ್ದಾಕಿ ಒಬ್ಬಾಕಿ ಇದ್ಲು. ಯಾವ ಊರಿಗೆ ಕೊಟ್ರೋ, ಈಗ ಎಲ್ಲಿ ಅದಾಳೋ" ಎಂದಳು. ನನ್ನ ಮಟ್ಟಿಗೆ ಇದು ಶಾಕುಂತಲದ ನಾಲ್ಕನೆಯ ಅಂಕದ ಮೇಲೆ ನಾನು ಕೇಳಿದ ಅತ್ಯುತ್ತಮ ಟೀಕೆ.

ಬೆಳಗ್ಗೆ ಕಿಟಕಿ ತೆರೆದರೆ ಮರವೇ ಇಲ್ಲದ ಬಯಲು. ಬಿಳಿಜೋಳ, ಕಡಲೆ, ಕುಸುಬೆ. ಆಕಾಶ ನೆಲದವರೆಗೂ ಇಳಿದಿತ್ತು. ಬಾದಾಮಿ ನಿಲ್ದಾಣ ಊರಿನಿಂದ ಸುಮಾರು ಐದು ಕಿಲೋಮೀಟರು ದೂರ. ಅವಳು ಆಟೋ ಮಾಡಿಕೊಂಡು ಬಂದು ನಿಂತಿದ್ದಳು. "ಬರ್ರಿ ಅಕ್ಕೋರ" ಎಂದು ಕೈ ಹಿಡಿದಳು. ಮಾತಾಡುತ್ತ ಹೋದಂತೆ ನನಗೆ ಕಂಡದ್ದು ಒಂದೇ: ಅವಳು ನನ್ನ ಕಣ್ಣನ್ನಲ್ಲ, ತುಟಿಯನ್ನು ನೋಡುತ್ತಿದ್ದಳು. ಆಟೋದವನು ಹಿಂದೆ ತಿರುಗದೆ ಕೇಳಿದ ಪ್ರಶ್ನೆಗೆ ಅವಳಿಂದ ಉತ್ತರ ಬರಲಿಲ್ಲ. ಮಧ್ಯಾಹ್ನ ರೊಟ್ಟಿ ಬಡಿಯುತ್ತ ಕುಳಿತಿದ್ದಾಗ ಎದುರಿಗೆ ಹೋಗಿ ಕುಳಿತು, "ಟೀಚರೇ, ಕಿವಿ ಕೇಳ್ತಾ ಇಲ್ಲ ಅಲ್ವಾ?" ಎಂದು ನಿಧಾನ ಕೇಳಿದೆ. ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡಳು. ಮನೆಯಲ್ಲಿ ಹೇಳಿರಲಿಲ್ಲ. ಶಾಲೆಯಲ್ಲಿ ತಿಳಿದರೆ ಮಕ್ಕಳು ನಗುತ್ತಾರೆ, ಮೇಲಿನವರು ಏನೆನ್ನುತ್ತಾರೋ ಎಂಬ ಹೆದರಿಕೆ. ಫೋನಿನಲ್ಲಿ ಮಾತು ಕಡಿಮೆಯಾದದ್ದು ಅದಕ್ಕೆ. ಮರೆಮಾಡುವುದಕ್ಕೆ ಫೋನಿನಷ್ಟು ಅನುಕೂಲ ಬೇರೊಂದಿಲ್ಲ. ಇದನ್ನೆಲ್ಲ ಇಲ್ಲಿ ಬರೆಯಲೇ ಎಂದು ಕೇಳಿದ್ದಕ್ಕೆ, "ಬರೀರಿ, ಕೇಳಸದೇ ಇರೂದು ಕಳ್ಳತನ ಏನಲ್ಲ" ಎಂದವಳು ಅವಳೇ.

ಮರುದಿನ ಎಳ್ಳ ಅಮಾವಾಸ್ಯೆ. ಅವಳ ಮನೆಯವರ ಜೊತೆ ಹೊಲಕ್ಕೆ ಹೋದೆವು. ಸಜ್ಜೆ ರೊಟ್ಟಿ, ಎಣ್ಣೆಗಾಯಿ ಬದನೆ, ಶೇಂಗಾ ಹಿಂಡಿ, ಹೋಳಿಗೆ ಹೊತ್ತುಕೊಂಡು ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ಪೈರಿನ ನಡುವೆ ಚರಗ ಚೆಲ್ಲಿ, ಆಮೇಲೆ ಎಲ್ಲರೂ ಸಾಲಾಗಿ ಕುಳಿತು ಉಣ್ಣುವುದು. ನಮ್ಮ ಕಡೆ ತೋಟದಲ್ಲಿ ಕೆಲಸ ಮಾಡುತ್ತೇವೆಯೇ ಹೊರತು ಹೀಗೆ ಹೊಲದ ಮಡಿಲಲ್ಲಿ ಕುಳಿತು ಹಬ್ಬದ ಊಟ ಮಾಡುವುದಿಲ್ಲ. ಅಲ್ಲೇ, ಊಟವಾದ ಮೇಲೆ, ಅವಳು ಗಂಡನಿಗೆ ವಿಷಯ ಹೇಳಿದಳು. ಅದರ ಮರುದಿನ ನಾವು ಮೂವರೂ ಬಸ್ಸು ಹತ್ತಿ ಬಾಗಲಕೋಟೆಗೆ ಹೋಗಿ ಕಿವಿಯ ವೈದ್ಯರನ್ನು ಕಂಡೆವು. ಪರೀಕ್ಷೆ ಮಾಡಿದವರು ಶ್ರವಣ ಯಂತ್ರ ಇಟ್ಟುಕೊಂಡರೆ ಪಾಠಕ್ಕೇನೂ ತೊಂದರೆಯಿಲ್ಲ ಎಂದರು.

ಊರಿಗೆ ಬಂದ ಮೇಲೆ ಶಾಲೆಯಲ್ಲಿ ಎಲ್ಲರೂ ಕೇಳಿದ್ದು, "ಬಾದಾಮಿ ಗುಹೆ ನೋಡಿದಿರಾ?" ಎಂದು. ಪಾಠದಲ್ಲಿ ವರ್ಷವರ್ಷವೂ ಹೇಳುತ್ತೇನೆ: ನಾಲ್ಕು ಗುಹೆಗಳು, ಮೂರನೆಯದರಲ್ಲಿ ಕ್ರಿ.ಶ. 578ರ ಮಂಗಲೇಶನ ಶಾಸನ. ಆದರೆ ಹತ್ತಿ ನೋಡಲು ಸಮಯವಾಗಲಿಲ್ಲ. ಕೊನೆಯ ದಿನ ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಇಬ್ಬರೂ ಕುಳಿತು ಕೆಂಪು ಬಂಡೆಯನ್ನು ದೂರದಿಂದಲೇ ನೋಡಿದೆವು. ಪ್ರವಾಸ ಕಥನದ ಅಳತೆಯಲ್ಲಿ ನನ್ನ ಪ್ರವಾಸ ಸಂಪೂರ್ಣ ದಂಡ.

ಆ ಬಂಡೆಗಳ ಸಾಲಿನಲ್ಲೇ ಕಪ್ಪೆ ಅರಭಟ್ಟನ ಶಾಸನವಿದೆ. ಕನ್ನಡದ ತ್ರಿಪದಿ ಮೊದಲು ಕಾಣುವುದು ಅಲ್ಲಿ. ಕಲ್ಲಿನಲ್ಲಿ ಗಂಡಸಿನ ಪರಾಕ್ರಮ ಹೊಗಳಿದ ಆ ತ್ರಿಪದಿ, ಮುಂದೆ ಬೀಸುವ ಕಲ್ಲಿನ ಬಳಿಗೆ ಬಂದು ಹೆಂಗಸರ ಬಾಯಿಯಲ್ಲಿ ಉಳಿಯಿತು. ಅದೇ ಸೀಮೆಯ ಹಲಸಂಗಿಯಲ್ಲಿ ಆ ಹಾಡುಗಳನ್ನು ಕಲೆಹಾಕಿ 1931ರಲ್ಲಿ 'ಗರತಿಯ ಹಾಡು' ಎಂಬ ಪುಸ್ತಕ ತಂದರು. ತಂದವರು ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು. ಅವರನ್ನು ನಾವು ಕರೆಯುವುದೇ 'ಹಲಸಂಗಿ ಗೆಳೆಯರು' ಎಂದು. ಧಾರವಾಡದಲ್ಲಿ ಬೇಂದ್ರೆಯವರದ್ದು 'ಗೆಳೆಯರ ಗುಂಪು'. ನೋಡಿ, ಕನ್ನಡದಲ್ಲಿ ಗಂಡಸರ ಗೆಳೆತನ ಒಂದು ಸಂಸ್ಥೆ. ಅದಕ್ಕೆ ಹೆಸರಿದೆ, ಚರಿತ್ರೆಯಿದೆ, ಪ್ರಕಟಣೆಯಿದೆ. ಅವರಿಗೆ ನಾವು ಋಣಿಗಳು, ಅವರಿಲ್ಲದಿದ್ದರೆ ಆ ಹಾಡುಗಳು ಹಿಟ್ಟಿನ ಗಿರಣಿಯ ಸದ್ದಿನಲ್ಲಿ ಮುಳುಗುತ್ತಿದ್ದವು. ಆದರೆ ದೊಡ್ಡ ಬೀಸುವ ಕಲ್ಲಿಗೆ ಇಬ್ಬರು ಎದುರು ಬದುರು ಕೂರಬೇಕು. ಒಬ್ಬಳು ಎತ್ತಿಕೊಂಡ ಹಾಡನ್ನು ಇನ್ನೊಬ್ಬಳು ಮುಂದುವರಿಸಬೇಕು. ಅದೂ ಒಂದು ಗೆಳತಿಯರ ಗುಂಪೇ ಆಗಿತ್ತು. ಅದಕ್ಕೆ ಹೆಸರಿಡುವುದು ಯಾರಿಗೂ ತೋಚಲಿಲ್ಲ.

ಗೆಳತಿಯ ಮನೆಗೆ ಹೋದದ್ದನ್ನು ಬರೆದರೆ ಓದುವವರು ಯಾರು, ಅದರಲ್ಲಿ ವಿಶೇಷವೇನಿದೆ ಎಂದು ಸಂಪಾದಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ರೊಟ್ಟಿ ತಿಂದೆ, ಹರಟಿದೆ, ಬಂದೆ ಎಂದಷ್ಟೇ ಬರೆದರೆ ಅದು ಡೈರಿ. ಬರೆಯುವವಳು ಗೆಳತಿಯನ್ನು ಕಾರಂತರು ಯುರೋಪನ್ನು ನೋಡಿದಷ್ಟು ಕಣ್ಣಿಟ್ಟು ನೋಡಬೇಕು. ಅವಳ ಮನೆಯ ಬೆಳಕು ಎಲ್ಲಿಂದ ಬರುತ್ತದೆ, ಅವಳು ಯಾವ ಮಾತನ್ನು ಅರ್ಧಕ್ಕೆ ನಿಲ್ಲಿಸುತ್ತಾಳೆ, ಎಂಟು ವರ್ಷದಲ್ಲಿ ಅವಳ ಕೈ ಎಷ್ಟು ಒರಟಾಗಿದೆ ಇದೆಲ್ಲ ನೋಡುವಂಥದ್ದೇ. ಗುಹೆ ಸಾವಿರದ ನಾನೂರು ವರ್ಷ ಕಾದಿದೆ, ಇನ್ನೂ ಕಾಯುತ್ತದೆ. ಐವತ್ತು ದಾಟಿದ ಗೆಳತಿಯ ಬಗ್ಗೆ ಆ ಮಾತು ಹೇಳಲಾಗುವುದಿಲ್ಲ.

ಆದ್ದರಿಂದ ಬರೆಯುವ ಕೈಯಿರುವ ಸಹೋದರಿಯರಲ್ಲಿ ನನ್ನದೊಂದು ವಿನಂತಿ. ಕಾಶಿಗೆ ಹೋಗಿ ಬನ್ನಿ, ಸಿಂಗಾಪುರಕ್ಕೂ ಹೋಗಿ ಬನ್ನಿ, ಬರೆಯಿರಿ, ಓದುತ್ತೇವೆ. ಅದರ ನಡುವೆ ಒಮ್ಮೆ, ನಿಮ್ಮ ಜೊತೆಗೆ ಓದಿದವಳೋ ಕೆಲಸ ಮಾಡಿದವಳೋ ಯಾವ ಊರಿನಲ್ಲಿದ್ದಾಳೆಂದು ವಿಚಾರಿಸಿ ಅಲ್ಲಿಗೂ ಹೋಗಿ ಬನ್ನಿ. ಹೊರಡುವುದಕ್ಕೆ ಚಳಿಗಾಲ ಒಳ್ಳೆಯದು. ಘಾಟಿಯಲ್ಲಿ ಮಳೆಯ ಭಯವಿಲ್ಲ, ಗುಡ್ಡ ಜರಿಯುವ ಚಿಂತೆಯಿಲ್ಲ. ನನ್ನ ಗೆಳತಿ ಈಗ ಯಂತ್ರ ಇಟ್ಟುಕೊಂಡು ಪಾಠ ಮಾಡುತ್ತಾಳೆ. ಮಕ್ಕಳು ಮೊದಲ ಎರಡು ದಿನ ನೋಡಿದರಂತೆ, ಮೂರನೆಯ ದಿನ ಮರೆತರಂತೆ. "ಈಗ ನೀವು ಫೋನಿನಾಗ ಒದರಬ್ಯಾಡ್ರಿ, ಕೇಳಸ್ತದ" ಎಂದು ನನಗೆ ಬೈಯುತ್ತಾಳೆ. ಮಳೆ ನೋಡಬೇಕೆಂದು ಅವಳ ಆಸೆ. ಆದರೆ ಮಳೆಗಾಲದಲ್ಲಿ ಬೇಡ, ಅಡಿಕೆ ಕೊಯ್ಲಿಗೇ ಬನ್ನಿ, ನಮಗೂ ಒಂದು ಆಳು ಸಿಕ್ಕಿದ ಹಾಗಾಯಿತು ಎಂದು ಅತ್ತೆಯೇ ಹೇಳಿ ಕಳಿಸಿದ್ದಾರೆ.